ಎಡಗಡೆಗೆ ಎರಡು ಕೆಜಿ

ಮಾರ್ಚ್ 2, ಭಾನುವಾರ

ನಾದಿನಿಗೆ ಕೊನೆಗೂ ಕೆಲಸದ ಪತ್ರ ಬಂತು. ಸಾವಿರದ ನೂರ ನಲವತ್ತು ಕಿಲೋಮೀಟರ್ ಆಚೆ, ಬೆಟ್ಟದ ಮೇಲಿನ ಊರೊಂದರಲ್ಲಿ ಹೊಸದಾಗಿ ಹಲ್ಲಿನ ಆಸ್ಪತ್ರೆ ಶುರುವಾಗಿದೆಯಂತೆ. ಅಲ್ಲಿ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿಗೆ ಇವಳೇ ಮುಖ್ಯಸ್ಥೆ. ಏಪ್ರಿಲ್ ಒಂದಕ್ಕೆ ಸೇರಬೇಕು. ಪತ್ರ ಓದಿ ಇವರು ಕಣ್ಣೊರೆಸಿಕೊಂಡರು. ನಾನು ಟೀ ಮಾಡಲು ಎದ್ದು ಹೋದೆ. ಟೀ ಬರೀ ನೆಪ. ಮುಖದಲ್ಲಿ ಖುಷಿ ಕಂಡುಬಿಟ್ಟರೆ ಅಣ್ಣ-ತಂಗಿ ಇಬ್ಬರೂ ಏನಂದುಕೊಂಡಾರು?

ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು? ಖುಷಿಯಾಯಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನಾನು ಮದುವೆಯಾಗಿ ಈ ಮನೆಗೆ ಬಂದು ಹತ್ತೊಂಬತ್ತು ವರ್ಷ. ಅಂದಿನಿಂದ ಇಂದಿನವರೆಗೂ ಬೀದಿ ಕಡೆಯ ರೂಮು ಅವಳದು. ಇಡೀ ಮನೆಯಲ್ಲಿ ಬೆಳಕು ಸರಿಯಾಗಿ ಬೀಳುವುದು ಅದೊಂದರಲ್ಲೇ. ಅಲ್ಲಿನ ಕಪಾಟಿನ ತುಂಬ ಊರಿನವರ ಹಲ್ಲುಗಳ ಪ್ಲಾಸ್ಟರ್ ಅಚ್ಚು, ಒಂದೊಂದಕ್ಕೂ ಒಂದೊಂದು ಚೀಟಿ. ನಾನೋ, ಹೊಲಿಗೆ ಮೆಷಿನನ್ನು ಅಡುಗೆಮನೆ ಬಾಗಿಲ ಹಿಂದೆ ಇಟ್ಟುಕೊಂಡು ಹಾಡುಹಗಲೇ ಲೈಟು ಹಾಕಿ ಹೊಲಿಯುವವಳು. ಇನ್ನು ಮುಚ್ಚಳಗಳ ವಿಷಯ ಬರೆಯಲು ಕೂತರೆ ಈ ಪುಸ್ತಕ ಸಾಲದು. ಆ ಪುಣ್ಯಾತ್ಗಿತ್ತಿ ತೆರೆದ ಡಬ್ಬಿಯ ಮುಚ್ಚಳವನ್ನು ಈ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಪೂರ್ತಿ ಮುಚ್ಚಿಲ್ಲ. ಮೇಲೆ ಸುಮ್ಮನೆ ಇಡುತ್ತಾಳೆ. ನಾನು ಎತ್ತಿದರೆ ಮುಚ್ಚಳ ನನ್ನ ಕೈಯಲ್ಲಿ, ಸಕ್ಕರೆ ನೆಲದಲ್ಲಿ.

ಟೀ ತಂದಾಗ ಇವರು ಕೇಳುತ್ತಿದ್ದರು. "ರೈಲು ಟಿಕೆಟ್ ನಾಳೆನೇ ಮಾಡಿಸ್ಲಾ?"

"ಬೇಡ ಅಣ್ಣ. ಗಾಡೀಲಿ ಹೋಗ್ತೀನಿ."

"ಯಾವ ಗಾಡಿ?"

"ನನ್ನ ಬೈಕು. ನಾಲ್ಕು ದಿನ ಸಾಕು."

"ಸಾಮಾನು?"

"ಅದ್ರ ಮೇಲೇನೇ."

ನಲವತ್ತನಾಲ್ಕು ವರ್ಷದ ಹೆಂಗಸು ಹೇಳುವ ಮಾತೇ ಇದು? ಇವರು ನನ್ನ ಮುಖ ನೋಡಿದರು. ನಾನು ಟೀ ಕುಡಿದೆ. ಹೇಗಾದರೂ ಹೋಗಲಿ, ಹೋದರೆ ಸಾಕು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ನಾದಿನಿ ಬಂದು ನಿಂತಳು.

"ಅತ್ತಿಗೆ, ನೀವು ಪಾರ್ಸೆಲ್ ಆಫೀಸಲ್ಲಿ ಇರೋರು. ಏನೇನು ತಗೊಂಡು ಹೋಗಬಹುದು, ಹೆಂಗೆ ಕಟ್ಟಬೇಕು, ಸ್ವಲ್ಪ ಹೇಳಿಕೊಡ್ತೀರಾ?"

ಹತ್ತೊಂಬತ್ತು ವರ್ಷದಲ್ಲಿ ಅವಳು ನನ್ನನ್ನು ಸಹಾಯ ಕೇಳಿದ್ದು ಇದೇ ಮೊದಲು ಅನಿಸುತ್ತದೆ. ಹೂಂ ಅಂದೆ. ಬೇಗ ಕಟ್ಟಿದಷ್ಟೂ ಬೇಗ ಹೊರಡುತ್ತಾಳೆ.

ನಾನು ತೂಕದ ಕೌಂಟರಿನಲ್ಲಿ ಕೂತು ಹದಿನಾರು ವರ್ಷ. ಪಾರ್ಸೆಲನ್ನು ಕೈಯಲ್ಲಿ ಎತ್ತಿದರೆ ಐವತ್ತು ಗ್ರಾಂ ಆಚೀಚೆಗೆ ತೂಕ ಹೇಳುತ್ತೇನೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಸದ್ದು ಬಂದರೆ ವಾಪಸು. ಒಳಗಿನ ವಸ್ತು ಅಲುಗಾಡಿದರೆ ಒಡೆಯುವುದು ಗ್ಯಾರಂಟಿ. ಇಷ್ಟು ತಿಳಿದವಳಿಗೆ ಒಂದು ಬೈಕಿಗೆ ಸಾಮಾನು ಕಟ್ಟುವುದು ಯಾವ ಮಹಾ ವಿದ್ಯೆ?

ಮಾರ್ಚ್ 8, ಶನಿವಾರ

ಗ್ಯಾರೇಜಿನವನು ಬೈಕಿಗೆ ಎರಡು ತಗಡಿನ ಬಾಕ್ಸು ಕೂರಿಸಿಕೊಟ್ಟ. ಅವನನ್ನು ಬೀದಿಯವರೆಲ್ಲ ಡಾಕ್ಟ್ರು ಅನ್ನುತ್ತಾರೆ. ಎಂಜಿನ್ನಿಗೆ ಕಿವಿಯಿಟ್ಟು ರೋಗ ಹೇಳುವ ಅಭ್ಯಾಸ, ಅದಕ್ಕೆ. ಎಡಕ್ಕೊಂದು ಬಾಕ್ಸು, ಬಲಕ್ಕೊಂದು. ಹಿಂದಿನ ಸೀಟಿನ ಮೇಲೆ ಉದ್ದನೆಯ ನೀರು ಹೋಗದ ಚೀಲ. ಇಷ್ಟರಲ್ಲಿ ನಾದಿನಿಯ ಸಂಸಾರವೆಲ್ಲ ಹಿಡಿಸಬೇಕು.

ಬಲಗಡೆಯ ಬಾಕ್ಸು ಸೈಲೆನ್ಸರಿಗೆ ತಾಗದಂತೆ ನಾಲ್ಕು ಬೆರಳು ಆಚೆ ಕೂತಿದೆ. ಹಿಂದಿನಿಂದ ನೋಡಿದರೆ ಸೊಟ್ಟ. ಸೊಟ್ಟ ಕಂಡರೆ ನನಗೆ ಮೈ ಉರಿಯುತ್ತದೆ. ಸರಿ ಮಾಡು ಅಂದೆ. "ಹಂಗೇ ಇರಬೇಕು ಅಕ್ಕ, ಇಲ್ಲಾಂದ್ರೆ ಬಾಕ್ಸ್ ಸುಟ್ಟೋಗುತ್ತೆ" ಅಂದ. ಸರಿ ಬಿಡು.

ಮಾರ್ಚ್ 9, ಭಾನುವಾರ

ಇಡೀ ದಿನ ಅವಳ ರೂಮಿನಲ್ಲಿ. ಮೂರು ಗುಡ್ಡೆ ಮಾಡಿಸಿದೆ. ಬೇಕೇ ಬೇಕಾದ್ದು, ಇದ್ದರೆ ಒಳ್ಳೆಯದು, ಯಾಕಿಟ್ಟುಕೊಂಡಿದ್ದೀಯ ಮಾರಾಯ್ತಿ. ಮೂರನೆಯ ಗುಡ್ಡೆಯೇ ಸೊಂಟದ ಎತ್ತರ ಬಂತು.

ದಿಂಬಿನ ವಿಷಯಕ್ಕೆ ಜಗಳ. ಅವಳಿಗೆ ತನ್ನ ದಿಂಬೇ ಆಗಬೇಕು.

"ಎಂಟುನೂರು ಗ್ರಾಮೂ ಇಲ್ಲ ಅತ್ತಿಗೆ ಅದು!"

"ತೂಕ ಎಂಟುನೂರು ಗ್ರಾಮೇ. ಆದ್ರೆ ನಮ್ಮ ಆಫೀಸಲ್ಲಿ ಗಾತ್ರಕ್ಕೂ ತೂಕ ಹಾಕ್ತೀವಿ. ಉದ್ದ, ಅಗಲ, ಎತ್ತರ ಗುಣಿಸಿ ಐದು ಸಾವಿರದಿಂದ ಭಾಗಿಸು. ನಿನ್ನ ದಿಂಬು ನಾಲ್ಕು ಕೆಜಿ ಇನ್ನೂರು ಗ್ರಾಂ."

"ಹಂಗಾದ್ರೆ ಅಣ್ಣನ ಹೊಟ್ಟೆ ಎಷ್ಟಾಗುತ್ತೆ?"

ನಗು ತಡೆಯಲಾಗಲಿಲ್ಲ. ಹೊರಗೆ ಪೇಪರ್ ಓದುತ್ತಿದ್ದ ಇವರು "ಏನಂತೆ?" ಅಂದರು. ಏನಿಲ್ಲ ಅಂದೆವು, ಇಬ್ಬರೂ ಒಟ್ಟಿಗೆ. ದಿಂಬನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ, ಮೇಲೆ ಕೂತು ಗಾಳಿ ತೆಗೆದು, ಟೇಪು ಸುತ್ತಿದೆ. ಈಗ ಚಪಾತಿಯಷ್ಟು ದಪ್ಪ.

ಕಪಾಟಿನ ಅಚ್ಚುಗಳನ್ನು ಒಯ್ಯುವಂತಿಲ್ಲ, ಎಲ್ಲ ಇಲ್ಲೇ ಇರುತ್ತವಂತೆ. ಒರೆಸಿ ಜೋಡಿಸುವಾಗ ಒಂದರ ಚೀಟಿಯಲ್ಲಿ 'ಅಮ್ಮ' ಎಂದಿತ್ತು. ಏಳು ವರ್ಷದ ಹಿಂದೆ ಹೋದ ನಮ್ಮ ಅತ್ತೆಯವರ ವಸಡು. ಅದರ ಪಕ್ಕದಲ್ಲೇ 'ಅತ್ತಿಗೆ'. ಹನ್ನೆರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ನನ್ನ ಮುಂದಿನ ಹಲ್ಲು ಮುರಿದಾಗ ತೆಗೆದ ಅಚ್ಚು. ಹೊಸ ಹಲ್ಲಿನ ಬಣ್ಣ ಹೊಂದಲಿಲ್ಲ ಅಂತ ಮೂರು ಸಲ ಕಿತ್ತು ಮಾಡಿದ್ದಳು. ಇಂದಿಗೂ ಯಾರೂ ಗುರುತು ಹಿಡಿದಿಲ್ಲ. ಅದನ್ನು ಎಂದೋ ಎಸೆದಿರುತ್ತಾಳೆ ಅಂದುಕೊಂಡಿದ್ದೆ.

ಮಾರ್ಚ್ 13, ಗುರುವಾರ

ತೂಕ ಮುಗಿಯಿತು! ಆಫೀಸಿನ ಚಿಕ್ಕ ಕಾಟಾ ಒಂದನ್ನು ಕೇಳಿ ಮನೆಗೆ ತಂದಿದ್ದೆ. ಬಲ ಬಾಕ್ಸಿಗೆ ಅವಳ ಕೆಲಸದ ಪೆಟ್ಟಿಗೆ. ಅದರಲ್ಲಿ ಮೇಣ ಕೆತ್ತುವ ಚಾಕು, ಬ್ರಷ್ಷು, ಹಲ್ಲಿನ ಸೆಟ್ಟು ಕಚ್ಚುತ್ತದೋ ಇಲ್ಲವೋ ನೋಡುವ ದವಡೆಯಂಥ ಯಂತ್ರ. ಜೊತೆಗೆ ಪ್ಲಾಸ್ಟರ್ ಪುಡಿಯ ಡಬ್ಬಿ, ಒಂದೂವರೆ ಕೆಜಿ. ಎಡ ಬಾಕ್ಸಿಗೆ ಬಟ್ಟೆ, ಬೂಟು, ದಿಂಬು, ಪುಸ್ತಕ. ಎರಡೂ ತಲಾ ಒಂಬತ್ತು ಕೆಜಿ ಆರುನೂರು ಗ್ರಾಂ. ಒಂದು ಸಾಬೂನನ್ನು ಅರ್ಧ ಕತ್ತರಿಸಿ ಅತ್ತ ಹಾಕಿ ಸರಿತೂಗಿಸಿದೆ. ಒಂದು ಗ್ರಾಂ ಆಚೆ ಇಲ್ಲ, ಈಚೆ ಇಲ್ಲ. ಅಲ್ಲಾಡಿಸಿದೆ, ಸದ್ದಿಲ್ಲ.

"ಅತ್ತಿಗೆ, ನಿಮ್ಮ ಕೈಗೆ ದೃಷ್ಟಿ ತೆಗೀಬೇಕು" ಅಂದಳು. ಇರಲಿ, ಹೇಳಲಿ. ನನಗೂ ಹಾಗೇ ಅನಿಸಿತ್ತು.

ಅವಳು ಸ್ನಾನಕ್ಕೆ ಹೋದಾಗ ರೂಮಿನ ಕಿಟಕಿಯ ಕೆಳಗೆ ಅಳತೆ ತೆಗೆದೆ. ನಾಲ್ಕಡಿಯ ಹೊಲಿಗೆ ಟೇಬಲು ಆರಾಮಾಗಿ ಹಿಡಿಸುತ್ತದೆ.

ಮಾರ್ಚ್ 16, ಭಾನುವಾರ

ಬಿದ್ದಳು.

ಪೂರ್ತಿ ಸಾಮಾನು ಹೊರಿಸಿ ನೋಡೋಣ ಅಂತ ಶಾಲೆಯ ಮೈದಾನಕ್ಕೆ ಹೋಗಿದ್ದೆವು. ನೇರ ಹೋಗುವಾಗ ಚೆನ್ನಾಗಿಯೇ ಇತ್ತು. ಮೈದಾನದ ಕೊನೆಯಲ್ಲಿ ನಿಧಾನ ಮಾಡಿ ಬಲಕ್ಕೆ ತಿರುಗಿಸಿದಳು, ಗಾಡಿ ಹಾಗೇ ಬಲಕ್ಕೆ ಮಲಗಿತು. ಕಾಲು ಕೆಳಗೆ ಸಿಕ್ಕಿಕೊಂಡಿತು. ನಾನು ಓಡಿದ್ದು ನೆನಪಿಲ್ಲ, ನನ್ನ ಒಂದು ಚಪ್ಪಲಿ ಮೈದಾನದ ನಡುವೆ ಸಿಕ್ಕಿತಂತೆ. ಗಾಡಿ ಎತ್ತಲು ಆಗಲಿಲ್ಲ. ಇಬ್ಬರು ಆಟಗಾರರು ಬಂದು ಎತ್ತಿದರು.

ಮೂಳೆ ಮುರಿದಿಲ್ಲ. ಮಂಡಿ ಊದಿದೆ, ಮೊಣಕೈ ತರಚಿದೆ. "ರೈಲು. ಇನ್ನು ಮಾತಿಲ್ಲ" ಅಂದರು ಇವರು. ಅವಳು ಹೆಲ್ಮೆಟ್ಟಿನ ಮಣ್ಣು ಒರೆಸುತ್ತಾ ಕೂತಳು. ಜಗಳವಾದರೂ ಆಡಬೇಕಿತ್ತು.

ಮಾರ್ಚ್ 17, ಸೋಮವಾರ

ಕೆಲಸದಲ್ಲಿ ಮನಸ್ಸಿಲ್ಲ. ಒಬ್ಬರ ಪಾರ್ಸೆಲಿಗೆ ಇನ್ನೊಬ್ಬರ ಚೀಟಿ ಅಂಟಿಸಿದೆ. ಹದಿನಾರು ವರ್ಷದಲ್ಲಿ ಮೊದಲು.

ಮಾರ್ಚ್ 18, ಮಂಗಳವಾರ

ಬಾಕ್ಸು ಸರಿಯಾಗಿ ಕೂರಿಸಿಲ್ಲ ಎಂದು ಬೈಯೋಣ ಅಂತಲೇ ಗ್ಯಾರೇಜಿಗೆ ಹೋಗಿದ್ದೆ. ಡಾಕ್ಟ್ರು ಎಲ್ಲ ಕೇಳಿಸಿಕೊಂಡ. ಎರಡೂ ಕಡೆ ಎಷ್ಟೆಷ್ಟು ತೂಕ ಇತ್ತು ಅಂದ. ಸಮ ಅಂದೆ, ಗ್ರಾಮಿಗೆ ಗ್ರಾಂ. ಅವನು ಎರಡು ಆಯಿಲ್ ಡಬ್ಬಿ ತಂದು ನನ್ನ ಎರಡು ಕೈಗೆ ಕೊಟ್ಟ.

"ಎಡಗೈದನ್ನ ಸೊಂಟಕ್ಕೆ ಒತ್ತಿ ಹಿಡ್ಕೊಳಿ. ಬಲಗೈ ಹೊರಗೆ ಚಾಚಿ."

ಚಾಚಿದೆ.

"ಎರಡೂ ಒಂದೇ ತೂಕ ಅಲ್ವಾ ಅಕ್ಕ? ಯಾವ ಕೈ ಸೋಲ್ತಾ ಇದೆ?"

ಬಲಗೈ ನಡುಗತೊಡಗಿತ್ತು. ಅಲ್ಲೇ, ಡಬ್ಬಿ ಹಿಡಿದುಕೊಂಡೇ, ನನಗೆ ಎಲ್ಲ ಅರ್ಥವಾಯಿತು. ಬಲದ ಬಾಕ್ಸು ನಾಲ್ಕು ಬೆರಳು ಆಚೆ ಇದೆ. ಆಚೆ ಇದ್ದದ್ದು ಹೆಚ್ಚು ಎಳೆಯುತ್ತದೆ. ಎರಡೂ ಕಡೆ ಸಮ ತೂಕ ಹಾಕಿ ಅವಳನ್ನು ಬೀಳಿಸಿದ್ದು ನಾನು. ಕಾಟಾ ಬಿಟ್ಟು ಬೇರೇನನ್ನೂ ನಂಬದ ನಾನು. ಬೇರೆ ಯಾರಾದರೂ ಕಟ್ಟಿದ್ದರೆ ಕೈಗೆ ಬಂದಂತೆ ತುಂಬಿ, ಗಾಡಿ ನಿಲ್ಲಿಸಿ ನೋಡಿ, ಅತ್ತಿತ್ತ ಮಾಡಿ ಸರಿಮಾಡಿಕೊಳ್ಳುತ್ತಿದ್ದರು. ಸಾಬೂನು ಕತ್ತರಿಸಿ ತೂಗಿದ ಜಾಣೆ ನಾನೊಬ್ಬಳೇ.

"ಉಪಾಯ ಇದೆ" ಅಂದ ಡಾಕ್ಟ್ರು. ಒಂದಷ್ಟು ಚಿಲ್ಲರೆ ಸಾಮಾನು ಬಲದಿಂದ ಎಡಕ್ಕೆ ಹೋಗಬೇಕು. ಆಮೇಲೆ ಪ್ಲಾಸ್ಟರ್ ಪುಡಿಯ ಡಬ್ಬಿ ಬಲದಿಂದ ತೆಗೆದುಬಿಟ್ಟರೆ ಎಡಕ್ಕೆ ಇನ್ನೇನೂ ಬೇಡ. ಡಬ್ಬಿ ಬೇಕೇ ಬೇಕು ಅಂದರೆ ಎಡಕ್ಕೆ ಇನ್ನೂ ಎರಡು ಕೆಜಿ ಸೇರಬೇಕು. ಕಾಗದದಲ್ಲಿ ಬರೆದು ತೋರಿಸಿದ. ನಾನು ಆ ಕಾಗದ ಮಡಚಿ ತಂದೆ.

ಮಾರ್ಚ್ 20, ಗುರುವಾರ

ಹೇಳಲು ಎರಡು ದಿನ ಬೇಕಾಯಿತು. ಸಂಜೆ ಅವಳ ಮಂಡಿಗೆ ಮುಲಾಮು ಹಚ್ಚುತ್ತಾ ಹೇಳಿಬಿಟ್ಟೆ. "ನಿನ್ನ ತಪ್ಪಲ್ಲ. ನಾನು ತೂಕ ಹಾಕಿದ್ದೇ ತಪ್ಪು."

ಅವಳು ನಕ್ಕಳು. "ಗೊತ್ತು ಅತ್ತಿಗೆ. ಡಾಕ್ಟ್ರು ಮಂಗಳವಾರನೇ ಫೋನ್ ಮಾಡಿದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಆ ಸಾಬೂನು ಕತ್ತರಿಸಿದ್ದು ನೋಡಿದ್ದೆ. ಹೆಂಗೆ ಹೇಳ್ಲಿ?"

ಮುಲಾಮಿನ ಡಬ್ಬಿಯ ಮುಚ್ಚಳ ಎಲ್ಲೋ ಹೋಗಿತ್ತು, ಅದನ್ನು ಹುಡುಕುವ ನೆಪ ಮಾಡಿದೆ.

ಆಮೇಲೆ ಅವಳೇ ಹೇಳಿದಳು. "ಹೋಗದಿದ್ರೂ ಆಗುತ್ತೆ. ಇಲ್ಲಿ ನಾನು ಕೆಲಸ ಮಾಡೋ ಲ್ಯಾಬಿನವರು ಬಿಡಲ್ಲ ಅಂತಿದ್ದಾರೆ. ರೈಲಲ್ಲಿ ಹೋಗೋಕಂತೂ ನಂಗೆ ಮನಸ್ಸಿಲ್ಲ. ಅಮ್ಮನ ಕಾಯಿಲೆ, ಆಮೇಲೆ ಈ ಲ್ಯಾಬು, ಎಂಟು ವರ್ಷದಿಂದ ಈ ಗಾಡಿ ಮನೆ ದಾರಿ ಬಿಟ್ಟು ಬೇರೆ ದಾರಿ ಕಂಡಿಲ್ಲ. ಒಂದು ಸಲ ನಾನೇ ಓಡಿಸ್ಕೊಂಡು ಹೋಗಿ ಒಂದು ಊರಿಗೆ ಸೇರ್ಬೇಕು ಅಂತ ಆಸೆ ಇತ್ತು, ಅಷ್ಟೇ. ಅಣ್ಣನ ಮಾತು ಬಿಡಿ. ನೀವು ಬೇಡ ಅನ್ನಿ, ಹೋಗಲ್ಲ."

ಒಂದು 'ಬೇಡ' ಸಾಕಿತ್ತು. ಆ ಮೈದಾನ ಕಣ್ಣ ಮುಂದೆ ಬಂತು, ಗಾಡಿ ಮಲಗಿದ್ದು, ಅದರ ಕೆಳಗೆ ಅವಳ ಕಾಲು. ನಾಲಿಗೆಯ ತುದಿಯವರೆಗೆ ಬಂತು ಆ ಮಾತು.

"ಭಾನುವಾರ ಮತ್ತೆ ಮೈದಾನಕ್ಕೆ ಹೋಗೋಣ" ಅಂದೆ. "ಈ ಸಲ ನಾನು ಸರಿಯಾಗಿ ಕಟ್ಟಿಕೊಡ್ತೀನಿ."

ಇವರಿಗೆ ನಾನೇ ಹೇಳಿದೆ. ಅರ್ಧ ಗಂಟೆ ಕೂಗಾಡಿದರು. ಕೂಗಾಡಲಿ.

ಮಾರ್ಚ್ 22, ಶನಿವಾರ

ಪುಡಿ ಡಬ್ಬಿ ಬಿಟ್ಟು ಹೋಗು ಅಂದರೆ ಒಪ್ಪುವುದಿಲ್ಲ. ಹಿಡಿದ ಹಟ ಬಿಡದವಳು. ಆ ಊರಲ್ಲಿ ಈ ಪುಡಿ ಸಿಗದಿದ್ದರೆ ಮೊದಲ ದಿನವೇ ಕೈಕಟ್ಟಿ ಕೂರಬೇಕಂತೆ. ಹಾಗಾದರೆ ಎಡಕ್ಕೆ ಎರಡು ಕೆಜಿ. ಆದರೆ ಎಡದ ಬಾಕ್ಸಿನಲ್ಲಿ ಒಂದು ಕರವಸ್ತ್ರಕ್ಕೂ ಜಾಗವಿಲ್ಲ. ಚಿಕ್ಕದಾಗಿರಬೇಕು, ಚಪ್ಪಟೆಯಾಗಿರಬೇಕು, ತೂಕವಾಗಿರಬೇಕು.

ನನ್ನ ಕೌಂಟರಿನ ಮೇಲೆ ಹಳೆಯ ಎರಡು ಕೆಜಿಯ ತೂಕದ ಕಲ್ಲಿದೆ. ಕಬ್ಬಿಣದ್ದೇ, ಆದರೂ ಎಲ್ಲರೂ ಕಲ್ಲು ಅಂತಲೇ ಅನ್ನುವುದು. ಎಲೆಕ್ಟ್ರಾನಿಕ್ ಕಾಟಾ ಬಂದಾಗ ಗುಜರಿಗೆ ಹೋಗಬೇಕಿದ್ದದ್ದು. ನಾನು ಇಟ್ಟುಕೊಂಡೆ, ಫ್ಯಾನಿನ ಗಾಳಿಗೆ ಕಾಗದ ಹಾರದಿರಲಿ ಅಂತ. ಹನ್ನೊಂದು ವರ್ಷದಿಂದ ಅದರ ಮೇಲೆ ಕೈಯಿಟ್ಟೇ ಕೆಲಸ ಮಾಡುವುದು, ಹಿಡಿಯ ಹತ್ತಿರ ಸವೆದು ಮಿರಮಿರ ಅನ್ನುತ್ತದೆ. ಸಾಹೇಬರನ್ನು ಕೇಳಿ ಮನೆಗೆ ತಂದೆ. ಎಡ ಬಾಕ್ಸಿನ ತಳಕ್ಕೆ ಹಳೆಯ ಟವೆಲಲ್ಲಿ ಸುತ್ತಿ ಕೂರಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ಇದು ದಾರಿಗೆ ಮಾತ್ರ" ಅಂದೆ. "ಪುಡಿ ಡಬ್ಬಿ ಇಳಿಸಿದ ತಕ್ಷಣ ಇದನ್ನೂ ಇಳಿಸಿಬಿಡು. ಇಲ್ಲಾಂದ್ರೆ ಗಾಡಿ ಎಡಕ್ಕೆ ವಾಲುತ್ತೆ. ಎಲ್ಲಾದ್ರೂ ಬಿಸಾಕು, ಹಳೇ ಕಬ್ಬಿಣ."

"ಆಯ್ತು" ಅಂದಳು.

ಮಾರ್ಚ್ 23, ಭಾನುವಾರ

ಮೈದಾನದಲ್ಲಿ ಹನ್ನೆರಡು ಸುತ್ತು. ಬಲಕ್ಕೆ ಆರು, ಎಡಕ್ಕೆ ಆರು. ಗಾಡಿ ಕಂಬದ ಹಾಗೆ ನೆಟ್ಟಗೆ. ಹನ್ನೆರಡನೆಯ ಸುತ್ತಿನವರೆಗೂ ನಾನು ಉಸಿರು ಬಿಟ್ಟೆನೋ ಇಲ್ಲವೋ.

ಆಫೀಸಿನಿಂದ ತಂದ 'ಈ ಬದಿ ಮೇಲಕ್ಕೆ' ಎಂಬ ಬಾಣದ ಚೀಟಿ ನನ್ನ ಪರ್ಸಿನಲ್ಲಿತ್ತು. ಕಿತ್ತುಕೊಂಡು ಹೆಲ್ಮೆಟ್ಟಿಗೆ ಅಂಟಿಸಿಕೊಂಡಳು. "ಬಿದ್ರೆ ಎತ್ತೋರಿಗೆ ಗೊತ್ತಾಗ್ಲಿ." ತಮಾಷೆಗೆ ಒಂದು ಮಿತಿ ಬೇಡವೇ? ಚೆನ್ನಾಗಿ ಬೈದೆ. ಆದರೆ ಚೀಟಿ ಕೀಳಲಿಲ್ಲ, ಅಂಚು ಏಳದಂತೆ ಮೇಲೊಂದು ಪಾರದರ್ಶಕ ಟೇಪು ಹಚ್ಚಿದೆ.

ಮಾರ್ಚ್ 25, ಮಂಗಳವಾರ

ನಾಳೆ ಬೆಳಿಗ್ಗೆ ಹೊರಡುತ್ತಾಳೆ. ಅವಳು ಲ್ಯಾಬಿನವರಿಗೆ ಹೇಳಿಬರಲು ಹೋದಾಗ ಸೀಟಿನ ಮೇಲಿನ ಚೀಲ ಬಿಚ್ಚಿ ಇಷ್ಟು ಸೇರಿಸಿದೆ:

ನನ್ನ ದಪ್ಪ ಸ್ವೆಟರು (ಬೆಟ್ಟದ ಊರು, ಅವಳದು ಸಾಲದು)
ಎರಡನೆಯ ಫ್ಲಾಸ್ಕು
ಛತ್ರಿ
ಟಾರ್ಚು
ಎರಡು ಸಾಬೂನು, ಇಡಿಯವು
ಹುರಿದ ಕಡಲೆಬೀಜ, ಒಂದು ಡಬ್ಬಿ

ಚೀಲ ನಡುಮಧ್ಯ ಕೂರುತ್ತದೆ, ಎಡಬಲದ ಲೆಕ್ಕ ಕೆಡುವುದಿಲ್ಲ. ಅಷ್ಟು ಬುದ್ಧಿ ಈಗ ಬಂದಿದೆ. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರೆ. ಇವಳಿಗೆ ಹಲ್ಲಿಗೆ ಬರವಿಲ್ಲ, ಕಡಲೆಯೂ ಇರಲಿ.

ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ಹಾಗೇ ಮೇಲೆ ಇಟ್ಟಿದ್ದಾಳೆ. ನಾನೂ ಮುಚ್ಚಲಿಲ್ಲ.

ಮಾರ್ಚ್ 26, ಬುಧವಾರ

ಆರೂವರೆಗೆ ಹೊರಟಳು. ಇವರು ಗಾಡಿಯ ಟೈರನ್ನು ನಾಲ್ಕು ಸಲ ಒತ್ತಿ ನೋಡಿದರು. ಒತ್ತಿ ಏನು ತಿಳಿಯಿತೋ. ಹೇಳಬೇಕಾದ್ದು ಏನೇನೋ ಇತ್ತು. ಬಾಯಿಂದ ಬಂದದ್ದು ಇಷ್ಟು. "ಪ್ರತಿ ಸಲ ನಿಲ್ಲಿಸಿದಾಗ್ಲೂ ಹಗ್ಗ ಎಳೆದು ನೋಡು. ಸಡಿಲ ಆಗಿರುತ್ತೆ."

"ನೋಡ್ತೀನಿ. ಹೋಗಿಬರ್ತೀನಿ ಅತ್ತಿಗೆ."

ಹೆಲ್ಮೆಟ್ ಹಾಕಿಕೊಂಡ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಗಾಡಿಯ ಹಿಂದೆ ಹೋಗಿ ನಿಂತು ನೋಡಿದೆ. ನೆಟ್ಟಗಿತ್ತು. ತಿರುವಿನಲ್ಲಿ ಬಲಕ್ಕೆ ಹೊರಳಿತು, ಬೀಳಲಿಲ್ಲ, ಹೋಯಿತು.

ಮಾರ್ಚ್ 27, ಗುರುವಾರ

ಒಂದು ಗಂಟೆಗೆ ಫೋನ್. ಐನೂರ ಎಂಬತ್ತು ಕಿಲೋಮೀಟರ್ ಆಯಿತಂತೆ. ಹಗ್ಗ ಎಳೆದು ನೋಡಿದೆಯಾ ಅಂದೆ. ನೋಡಿದೆ ಅಂದಳು. ಏನೋ ಚಿಕ್ಕ ಕೆಲಸ ಇದೆ, ಮುಗಿಸಿ ಹೊರಡ್ತೀನಿ ಅಂತ ಇಟ್ಟಳು.

ಮಾರ್ಚ್ 29, ಶನಿವಾರ

ಸೇರಿದಳು. ಕ್ಷೇಮ. ಇನ್ನೇನು ಬರೆಯಲಿ? ಇವರು ಬೀದಿಯವರಿಗೆಲ್ಲ ಹೇಳಿ ಬಂದರು.

ಮಾರ್ಚ್ 30, ಭಾನುವಾರ

ಇವರು ಟೇಪು ಹಿಡಿದುಕೊಂಡು ಬಂದರು. ಟೇಬಲು ಮಾಡಿಸೋಣ, ಅಳತೆ ಹೇಳು ಅಂತ. ಆ ರೂಮಿನಲ್ಲಿ ಬೆಳಕು ಸಾಲದು, ಹೊಲಿಯಲು ಆಗುವುದಿಲ್ಲ ಅಂದೆ. ಅಡುಗೆಮನೆಯೇ ವಾಸಿ, ಲೈಟಿದೆ. ಇವರು ನನ್ನನ್ನೇ ನೋಡುತ್ತಾ ನಿಂತರು.

ಅಚ್ಚುಗಳ ಮೇಲೆ ಎಷ್ಟು ಬೇಗ ಧೂಳು ಕೂರುತ್ತದೆ! ಒರೆಸಿದೆ.

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ಆಫೀಸಿಗೆ ಬಂದ ಪಾರ್ಸೆಲ್ ಮೂಟೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಮೇಲೆ ನನ್ನದೇ ವಿಳಾಸ, ಬರವಣಿಗೆ ನಾದಿನಿಯದು. ಇಪ್ಪತ್ತೇಳನೆಯ ತಾರೀಕು ನಡುದಾರಿಯ ಯಾವುದೋ ಊರಿನಿಂದ ಹಾಕಿದ್ದು. ಕೈಯಲ್ಲಿ ಎತ್ತಿದರೆ ನಾಲ್ಕೂಮುಕ್ಕಾಲು ಕೆಜಿ. ಅಭ್ಯಾಸಬಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಗಲಗಲ, ಏನೇನೋ ಉರುಳಾಡುತ್ತಿವೆ. ಬೇರೆ ಯಾರಾದರೂ ತಂದಿದ್ದರೆ ಕೌಂಟರಿನಿಂದಲೇ ವಾಪಸು ಕಳಿಸುತ್ತಿದ್ದೆ.

ಊಟದ ಹೊತ್ತಿನಲ್ಲಿ ಬಿಚ್ಚಿದೆ. ಸ್ವೆಟರು. ಫ್ಲಾಸ್ಕು. ಛತ್ರಿ. ಟಾರ್ಚು. ಸಾಬೂನು ಎರಡು. ಪ್ಲಾಸ್ಟರ್ ಪುಡಿಯ ಡಬ್ಬಿ. ಕಡಲೆಬೀಜದ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿಲ್ಲ, ಪೆಟ್ಟಿಗೆಯ ತುಂಬ ಕಡಲೆಬೀಜ. ಒಂದು ಚೀಟಿ ಇತ್ತು:

'ಅತ್ತಿಗೆ, ಸಿಟ್ಟು ಮಾಡ್ಕೋಬೇಡಿ. ಬೈಕ್ ಮೇಲೆ ಛತ್ರಿ ಹಿಡಿಯೋಕೆ ನಂಗೆ ಮೂರನೇ ಕೈ ಇಲ್ಲ. ಆಸ್ಪತ್ರೆಯಿಂದ ಫೋನ್ ಬಂತು, ಅಲ್ಲಿ ಪುಡಿ ಮೂಟೆಗಟ್ಟಲೆ ಇದೆಯಂತೆ. ಮುಂದೆ ಘಾಟಿ ರಸ್ತೆ, ಗಾಡಿ ಹಗುರ ಮಾಡಿ ಅಂದ್ರು ಎಲ್ಲ. ಬೇಡದ್ದೆಲ್ಲ ಕಳಿಸ್ತಾ ಇದೀನಿ.'

ಬೇಡದ್ದೆಲ್ಲ. ನಾನು ಕೊಟ್ಟದ್ದೆಲ್ಲ. ಒಂದು ಸಾಬೂನನ್ನೂ ಇಟ್ಟುಕೊಳ್ಳಲಿಲ್ಲ. ಎಷ್ಟಾದರೂ ಅತ್ತಿಗೆ-ನಾದಿನಿ, ಎಣ್ಣೆ-ಸೀಗೆಕಾಯಿ. ಈ ವಯಸ್ಸಿನಲ್ಲಿ ನಾನು ಬೇರೆ ಏನು ತಿಳಿದುಕೊಂಡಿದ್ದೆ?

ಆದರೂ ಕೌಂಟರಿನ ಬುದ್ಧಿ ಎಲ್ಲಿ ಹೋಗುತ್ತದೆ, ನಾನು ಸೇರಿಸಿದ್ದರ ಪಟ್ಟಿ ನೆನೆದು ಒಂದೊಂದನ್ನೂ ಲೆಕ್ಕ ಹಾಕಿದೆ. ಪುಡಿ ಡಬ್ಬಿ ಇಳಿಸಿದ್ದಾಳೆ. ಹಾಗಾದರೆ ಎಡದ ಕಲ್ಲೂ ಇಳಿಯಬೇಕು. ಪೆಟ್ಟಿಗೆ ತಲೆಕೆಳಗು ಮಾಡಿದೆ. ಕಡಲೆಬೀಜ ಬಿದ್ದವು, ಕಲ್ಲು ಇರಲಿಲ್ಲ. ಬಿಸಾಕು ಅಂದಿದ್ದೆ, ಬಿಸಾಕಿರುತ್ತಾಳೆ.

ಎಲ್ಲ ಮತ್ತೆ ಪೆಟ್ಟಿಗೆಗೆ ತುಂಬಿಕೊಂಡು ಸಂಜೆ ಮನೆಗೆ ಬಂದು ಫೋನ್ ಮಾಡಿದೆ. ನಿನ್ನೆ ಕೆಲಸಕ್ಕೆ ಸೇರಿದ್ದು, ಲ್ಯಾಬು, ಚಳಿ ಎಲ್ಲ ಹೇಳಿದಳು. ಪಾರ್ಸೆಲ್ ಬಂತು ಅಂದೆ. ಮುಚ್ಚಳ ಹಾಕೋಕೆ ಯಾವಾಗ ಕಲಿತೀಯ ಅಂದೆ. ಆಮೇಲೆ ಕೇಳಿದೆ.

"ಆ ಕಲ್ಲು ಎಲ್ಲಿ ಎಸೆದೆ?"

"ಯಾವ ಕಲ್ಲು?"

"ಎರಡು ಕೆಜಿದು."

"ಎಸೆಯೋದ್ಯಾಕೆ? ಇಲ್ಲೇ ಇದೆ, ನನ್ನ ಟೇಬಲ್ ಮೇಲೆ. ಇಲ್ಲಿ ಗಾಳಿ ಜಾಸ್ತಿ ಅತ್ತಿಗೆ, ಕಾಗದ ನಿಲ್ಲಲ್ಲ."

"ಅಲ್ಲಾ, ಪುಡಿ ಡಬ್ಬಿ ನಡುದಾರೀಲೇ ಇಳಿಸಿದ್ಯಲ್ಲ? ಕಲ್ಲಿದ್ರೆ ಗಾಡಿ ಎಡಕ್ಕೆ ಎಳೆಯುತ್ತೆ. ನಾನು ಲೆಕ್ಕ ಹಾಕಿದೀನಿ."

"ನಂಗೂ ಲೆಕ್ಕ ಬರುತ್ತೆ ಅತ್ತಿಗೆ. ಎಳೀತು. ಘಾಟೀಲಿ ಚೆನ್ನಾಗೇ ಎಳೀತು. ಐನೂರ ಅರವತ್ತು ಕಿಲೋಮೀಟರ್ ಎಡಕ್ಕೆ ವಾಲ್ಕೊಂಡೇ ಬಂದೆ. ಹ್ಯಾಂಡಲ್ ಹಿಡಿದು ಹಿಡಿದು ಬಲಗೈ ಇನ್ನೂ ನೋಯ್ತಾ ಇದೆ."

"ಹುಚ್ಚಿ! ಬಿದ್ದಿದ್ರೆ? ಇಳಿಸೋಕೆ ಏನಾಗಿತ್ತು ನಿಂಗೆ?"

"ಇಳಿಸಿದ್ದೆ. ಪಾರ್ಸೆಲ್ ಆಫೀಸಲ್ಲಿ ಪೆಟ್ಟಿಗೆಗೂ ಹಾಕಿದ್ದೆ. ಕೌಂಟರಲ್ಲಿ ನಿಮ್ಮ ಹಾಗೇ ಒಬ್ರು ಕೂತಿದ್ರು. ಪೆಟ್ಟಿಗೆ ಎತ್ತಿ, ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರು. ಕಲ್ಲು ಸದ್ದು ಮಾಡ್ತು, ತೆಗೀರಿ ಅಂದ್ರು. ತೆಗೆದು ಕೈಯಲ್ಲಿ ಹಿಡ್ಕೊಂಡೆ. ಹಿಡಿ ಹತ್ರ ಸವೆದಿದೆ ನೋಡಿ, ಅಲ್ಲಿ. ಆಮೇಲೆ ಪೆಟ್ಟಿಗೆಗೆ ಹಾಕೋಕೂ ಮನಸ್ಸಾಗ್ಲಿಲ್ಲ, ಎಸೆಯೋಕೂ ಮನಸ್ಸಾಗ್ಲಿಲ್ಲ. ಇರ್ಲಿ, ಎಡಗಡೆ ಕೂತ್ಕೊಂಡು ಬರ್ಲಿ ಅಂತ ಕರ್ಕೊಂಡು ಬಂದೆ."

ಇವರಿಗೆ ಫೋನ್ ಕೊಟ್ಟು ಅವಳ ರೂಮಿಗೆ ಹೋಗಿ ಕೂತು ಅತ್ತುಬಿಟ್ಟೆ. ಹತ್ತೊಂಬತ್ತು ವರ್ಷಕ್ಕಾಗುವಷ್ಟು ಅತ್ತೆ ಅಂತ ಕಾಣುತ್ತದೆ, ಇವರು ಬಾಗಿಲವರೆಗೆ ಬಂದು ಹಾಗೇ ಹಿಂದೆ ಹೋದರು.

ಆಮೇಲೆ ಮುಖ ತೊಳೆದು, ಪೆಟ್ಟಿಗೆಯ ಮೂಲೆಗಳಿಂದ ಕಡಲೆಬೀಜ ಆರಿಸಿ ಇಬ್ಬರೂ ತಿಂದೆವು. ಇನ್ನೂ ಗರಿಗರಿಯಾಗಿವೆ. ಸ್ವೆಟರು ಅವಳು ಒಂದು ದಿನವಾದರೂ ಹಾಕಿಕೊಂಡಿರಬೇಕು, ತೋಳಿನಲ್ಲಿ ಪೆಟ್ರೋಲಿನ ವಾಸನೆ ಇದೆ. ಒಗೆಯಲು ಹಾಕಲಿಲ್ಲ.

ನಾಳೆ ಆಫೀಸಿನ ಗೋದಾಮಿನಲ್ಲಿ ಒಂದು ಕೆಜಿಯ ಹಳೆಯ ಕಲ್ಲೇನಾದರೂ ಉಳಿದಿದೆಯೋ ನೋಡಬೇಕು. ಕೌಂಟರಿನ ಮೇಲೆ ಒಂದು ಕಾಗದವೂ ನಿಲ್ಲುತ್ತಿಲ್ಲ.